ಅವ್ವನಿಗೆ ಬಿಟ್ಟ ಜಾಗ

ಲುಂಬಿನಿಯ ಕೊಳದ ಮುಂದೆ ನಾನು ನಿಂತ ಫೋಟೋಗಳನ್ನು ನೋಡಿದವರು, ತೆಗೆದವನಿಗೆ ಕಣ್ಣು ಕಾಣುವುದಿಲ್ಲ ಎಂದೇ ತಿಳಿಯಬೇಕು. ನಾನು ಒಂದು ಅಂಚಿನಲ್ಲಿ, ಮಗ್ಗಲಿಗೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಎಲ್ಲವೂ ಹಾಗೆಯೇ. ನಮ್ಮ ಬಸ್ಸಿನವರು, "ಸ್ನೇಹಲಬಾಯಿ, ಮಗ್ಗಲಕ್ಕ ಯಾರ ನಿಂತಾರ್ರೀ?" ಎಂದು ನಗುತ್ತಿದ್ದರು.

"ನಮ್ಮವ್ವ," ಎನ್ನುತ್ತಿದ್ದೆ ನಾನು.

ಅದು ಅವ್ವನದೇ ಹಟ. ನಾನು ಚಿಕ್ಕೋಡಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ರಜೆ ಹಾಕಿ ನೇಪಾಳದ ಯಾತ್ರೆಗೆ ಹೊರಟಾಗ ರಾಯಬಾಗದಲ್ಲಿದ್ದ ಅವಳನ್ನೂ ಕರೆದಿದ್ದೆ. ಆದರೆ ಜೀವಮಾನವೆಲ್ಲ ಕಬ್ಬಿನ ಹೊಲದಲ್ಲಿ ಕಳೆ ತೆಗೆದ ಮೊಣಕಾಲುಗಳು ಬಸ್ಸಿನ ಮೆಟ್ಟಿಲನ್ನೂ ಹತ್ತಲೊಲ್ಲವು. ಅದಕ್ಕೆ ಅವಳೇ ಉಪಾಯ ಹುಡುಕಿದಳು. ನಮ್ಮ ಓಣಿಯ ಸ್ಟುಡಿಯೋದ ಸಂಗ್ರಾಮ ಯಾರದೋ ಮದುವೆ ಫೋಟೋದಲ್ಲಿ ತೀರಿಹೋದ ಅಜ್ಜನನ್ನು ಮದುಮಗನ ಪಕ್ಕ ನಿಲ್ಲಿಸಿದ್ದನಂತೆ.

"ಸತ್ತಾವ್ರನ್ನ ತಂದ ನಿಲ್ಲಸ್ತಾನ, ನಾ ಇನ್ನಾ ಗಟ್ಟಿ ಅದೇನಿ. ನೀ ನನಗಷ್ಟ ಜಾಗಾ ಬಿಟ್ಟ ನಿಂದ್ರು. ನೀ ಬಂದಮ್ಯಾಲ ಬಿಳಿ ಸೀರಿ ಉಟಗೊಂಡ ಅವನ ಅಂಗಡ್ಯಾಗ ಫೋಟೋ ತಗಸ್ತೇನಿ. ದೊಡ್ಡ ಪ್ರಿಂಟ್ ಹಾಕ್ಸಿ ಓಣಿ ತುಂಬ ತೋರಸ್ತೇನಿ. ಬುದ್ಧ ಹುಟ್ಟಿದ ಜಾಗಾ ನಾನೂ ನೋಡಿ ಬಂದಂಗ ಆಕ್ಕೈತಿ."

ದಿನಾಲೂ ಫೋಟೋ ಕಳಿಸಿದೆ. ಅವ್ವನ ಹತ್ತಿರ ಫೋನಿಲ್ಲ; ತಮ್ಮ ಸುರಜನ ಫೋನಿಗೇ. ಗಡಿ ದಾಟಿದ ಮೇಲೆ ನನ್ನ ಸಿಮ್ ನಡೆಯುತ್ತಿರಲಿಲ್ಲ, ರಾತ್ರಿ ಹೋಟೆಲಿನ ವೈಫೈಯಲ್ಲಿ ಫೋಟೋ ಹೋದರೆ ಅದೇ ಹೆಚ್ಚು. "ಅವ್ವ ನೋಡಿದ್ಲು, ಚಲೋ ಅದಾವ ಅಂದ್ಲು" ಎಂದು ಅವನ ಉತ್ತರ ಬರುತ್ತಿತ್ತು. ನೆಟ್ಟಗೆ ರಾಯಬಾಗದ ಮನೆಗೆ ಬಂದು ಬ್ಯಾಗು ಇಳಿಸುವಾಗ ನೋಡುತ್ತೇನೆ, ಗೋಡೆಯ ಮೇಲೆ ಅವಳ ಫೋಟೋ, ಅದಕ್ಕೊಂದು ಹಾರ. ನಾನು ಗಡಿ ದಾಟಿದ ದಿನವೇ ಎದೆನೋವು ಬಂದು ಹೋಗಿಬಿಟ್ಟಿದ್ದಳು. ನನ್ನ ಯಾತ್ರೆ ಕೆಡಬಾರದೆಂದು ಸುರಜ ಹೇಳಲಿಲ್ಲವಂತೆ. ಸತ್ತವಳ ಬಾಯಲ್ಲಿ "ಚಲೋ ಅದಾವ" ಅನ್ನಿಸಿದವನಿಗೆ ಏನೆನ್ನಲಿ? ಬಾಯಿಗೆ ಬಂದಂತೆ ಬೈದೆ, ಹೊಡೆದೆ. ಅದರಿಂದಲೂ ಸಮಾಧಾನವಾಗಲಿಲ್ಲ.

ಮರುದಿನ ಅವನನ್ನು ಎಳೆದುಕೊಂಡೇ ಸ್ಟುಡಿಯೋಗೆ ಹೋದೆ. ಜಾಗ ಬಿಟ್ಟು ಬಂದಿದ್ದೆ, ಅವ್ವನನ್ನು ಅಲ್ಲಿ ನಿಲ್ಲಿಸಲೇಬೇಕಿತ್ತು. ಇನ್ನೇನೂ ಬೇಡವಾಗಿತ್ತು ನನಗೆ.

ಸಂಗ್ರಾಮ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಂಡ. ಮನೆಯ ಗೋಡೆಯ ಮೇಲಿನ ಅವ್ವನ ಫೋಟೋವನ್ನು ಆಧಾರ್ ಕಾರ್ಡಿನಿಂದ ಮಾಡಿಕೊಟ್ಟವನೂ ಅವನೇ.

"ಅದು ಎದಿಮಟ ಐತ್ರಿ ಅಕ್ಕಾರ. ನಿಂದರಸಾಕ ಕಾಲ ಬೇಕಲ್ರೀ. ನಿಂತಿದ್ದ ಫೋಟೋ ಒಂದರ ಕೊಡ್ರಿ."

ಇಬ್ಬರೂ ಫೋನು ಜಾಲಾಡಿದೆವು. ಸಂಗ್ರಾಮ ನನ್ನ ಮದುವೆಯ ಫೋಟೋಗಳನ್ನೂ ತೆರೆದ. ಅಲ್ಲಿ ಅವಳು ಹೆಂಗಸರ ಹಿಂದೆ, ಬರೀ ಹಣೆ. ಸುರಜನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಬಡಿಸುತ್ತ ಬಗ್ಗಿದ ಬೆನ್ನು. ಜಯಂತಿಯ ಮೆರವಣಿಗೆಯಲ್ಲಿ ಯಾರೋ ಹಿಡಿದ ನೀಲಿ ಬಾವುಟ ಅವಳನ್ನು ಮುಚ್ಚಿತ್ತು. ಫೋನಿನ ತುಂಬ ನನ್ನದೇ ಮುಖ. ಹೆತ್ತವಳ ಕಾಲು ಒಂದರಲ್ಲೂ ಇರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

"ಬ್ಯಾರೆ ಯಾರದರ ಮೈಗೆ ಮಾರಿ ಹಚ್ಚಲೇನ್ರಿ?" ಎಂದ ಸಂಗ್ರಾಮ.

"ನಮ್ಮವ್ವಗ ಮೈ ಇರಲಿಲ್ಲೇನೋ?" ಎಂದು ಚೀರಿದೆ.

ಆಗ ಸುರಜ ಫೋನನ್ನು ಎದೆಗೆ ಅವಚಿಕೊಂಡ. "ಅಕ್ಕಾ, ಒಂದ ಐತಿ. ಮಣ್ಣಿಗೆ ಬರಾಕ ಆಗದ ಮಂದಿಗೆ ಕಳಸಾಕ ತಗದಿದ್ದೆ. ನೀ ನೋಡಬ್ಯಾಡ."

ಕಸಿದುಕೊಂಡು ನೋಡಿದೆ. ಮನೆಯ ಮುಂದೆ ಚಾಪೆಯ ಮೇಲೆ, ತಲೆಯಿಂದ ಪಾದದವರೆಗೆ ಅವ್ವ. ಇಡೀ ಅವ್ವ. ಉಡುತ್ತೇನೆಂದಿದ್ದ ಅದೇ ಬಿಳಿ ಸೀರೆ. ಎದೆಯ ಮೇಲೆ ಕೈ ಜೋಡಿಸಿ, ಮೈತುಂಬ ಹೂವು ಹಾಕಿದ್ದರು.

ಫೋನನ್ನು ಸಂಗ್ರಾಮನ ಕೈಗೆ ಕೊಟ್ಟೆ.

"ಎಬ್ಬಿಸಿ ನಿಲ್ಲಸು."

"ಅಕ್ಕಾರ, ಕಣ್ಣ ಮುಚ್ಯಾವ್ರಿ..."

"ಅಲ್ಲಿ ಎಲ್ಲಾರೂ ಕಣ್ಣ ಮುಚ್ಚೇ ಕೈ ಮುಗಿತಾರ. ನಿಲ್ಲಸು."

ಸುರಜ ಗೋಡೆಗೆ ಮುಖ ಮಾಡಿ ನಿಂತ. ಸಂಗ್ರಾಮ ಹೂವುಗಳನ್ನು ಒಂದೊಂದಾಗಿ ಅಳಿಸಿದ, ಚಾಪೆ ಅಳಿಸಿದ. ಅವ್ವ ನಿಧಾನಕ್ಕೆ ಮೇಲೆದ್ದು ನನ್ನ ಮಗ್ಗಲಿಗೆ ಬಂದಳು. ನಾನು ಬಿಟ್ಟ ಜಾಗ ಅವಳಿಗೆ ಸರಿಯಾಗಿತ್ತು. ಫೋಟೋದಲ್ಲಿ ನಾನು ನಗುತ್ತಿದ್ದೆ. ಅವಳು ಆಗಲೇ ಹೋಗಿದ್ದಳು, ನಾನು ಹಲ್ಲು ಬಿಟ್ಟು ನಗುತ್ತಿದ್ದೆ.

ಸಂಗ್ರಾಮನ ಕೈ ಅವಳ ಪಾದದ ಹತ್ತಿರ ನಿಂತುಬಿಟ್ಟಿತು. ಎರಡೂ ಹೆಬ್ಬೆರಳು ಸೇರಿಸಿ ದಾರ ಕಟ್ಟಿದ್ದರು. ಆಸ್ಪತ್ರೆಯಲ್ಲಿ ತೀರಿಕೊಂಡ ಎಷ್ಟೋ ಜನರಿಗೆ ನಾನೇ ಹಾಗೆ ಕಟ್ಟಿದ್ದೇನೆ.

"ಅಕ್ಕಾರ," ಎಂದ ಅವನು, ನನ್ನ ಕಡೆ ನೋಡದೆ. "ಈ ದಾರಾ... ತಗೀಲೇನ್ರಿ?"

"ಬಿಚ್ಚೋ, ಲಗೂ ಬಿಚ್ಚೋ," ಎಂದೆ. "ಆಕಿ ಮೊಣಕಾಲ ಮೊದಲ ನೋಯಾಕತ್ತಾವ. ಭಾಳ ಹೊತ್ತ ನಿಂದರಾಕ ಆಗೂದಿಲ್ಲ."