ಬೇಳೆ ಬೇಯದ ಮನೆ

ನಾನೊಂದು ಕುಕ್ಕರ್. ಐದು ಲೀಟರಿನದು. ಕೋಪ ನನ್ನ ಹುಟ್ಟುಗುಣ. ಹೊಟ್ಟೆಯಲ್ಲಿ ತಡೆದುಕೊಳ್ಳುವಷ್ಟು ತಡೆದುಕೊಂಡು, ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿಬಿಡುವುದೇ ನನ್ನ ಕೆಲಸವಾಗಿತ್ತು. ಈಗ ನನಗೆ ವಿಷಲ್ಲೂ ಇಲ್ಲ, ಮುಚ್ಚಳವೂ ಇಲ್ಲ. ಆದರೂ ಹೇಳಬೇಕಾದ್ದನ್ನು ಹೇಳಿಯೇ ತೀರುತ್ತೇನೆ.

ಕಾರ್ಖಾನೆಯಲ್ಲಿ ದುಂಡು ತಗಡಾಗಿ ಬಿದ್ದಿದ್ದ ನನ್ನನ್ನು ಯಂತ್ರವೊಂದು ಒತ್ತಿ ಪಾತ್ರೆ ಮಾಡಿತು. ಹಿಡಿ ಕೂರಿಸಿದರು, ಮುಚ್ಚಳ ಬಿಗಿದರು, ಎಲ್ಲಾದರೂ ಸೋರುತ್ತೇನೋ ಎಂದು ಪರೀಕ್ಷೆ ಮಾಡಿದರು. ನಾನು ಪಾಸಾದೆ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ನನ್ನನ್ನು ಕಳಪೆ ಮಾಲು ಎಂದು ಬಾಯಿಗೆ ಬಂದಂತೆ ಬೈದರು.

ತಿಪಟೂರಿನ ಪಾತ್ರೆ ಅಂಗಡಿಯಲ್ಲಿ ನನ್ನನ್ನು ಕೊಂಡವರು ಈಶ್ವರಯ್ಯ. ಬಸ್ ಕಂಡಕ್ಟರ್. ಮಗಳು ಕುಸುಮಳ ಮದುವೆಗೆಂದು ಇಡೀ ಅಂಗಡಿ ಜಾಲಾಡಿ ನನ್ನನ್ನೇ ಆರಿಸಿದರು. ಹೆಸರು ಕೊರೆಯುವವನ ಮುಂದೆ ಕೂರಿಸಿ, "ಅಕ್ಷರ ಆಳಕ್ಕಿರ್ಲಿ ಕಣಪ್ಪ, ಎಷ್ಟು ಉಜ್ಜಿದ್ರೂ ಅಳಿಸಬಾರ್ದು" ಎಂದರು. ನನ್ನ ಹೊಟ್ಟೆಯ ಮೇಲೆ 'ಕುಸುಮಳಿಗೆ ಅಪ್ಪ ಅಮ್ಮನಿಂದ' ಎಂದು ಬಿತ್ತು. ಅವತ್ತು ನನಗೆ ಬಂದ ಜಂಬ ಅಷ್ಟಿಷ್ಟಲ್ಲ.

ಮದುವೆಯ ಮಾರನೆಯ ವಾರ ತುಮಕೂರಿಗೆ ಬಂದೆವು. ಕುಸುಮಳ ಗಂಡ ಮೃತ್ಯುಂಜಯ ಮದುವೆಗೆಂದೇ ಹೊಸ ಬಾಡಿಗೆ ಮನೆ ಹಿಡಿದು, ಹಳ್ಳಿಯಿಂದ ತಾಯಿ ಸಿದ್ದಗಂಗಮ್ಮನನ್ನೂ ಕರೆತಂದಿದ್ದ. ಮೇಲಿನ ಮನೆಯಲ್ಲಿ ಮಾಲೀಕ ರುದ್ರಯ್ಯ, ಕೆಳಗೆ ನಾವು. ಗೇಟಿನ ಮೇಲೆ ಬೋರ್ಡು: 'ಮನೆ ಬಾಡಿಗೆಗಿದೆ. ಹೇಮಾವತಿ ನೀರಿನ ಸೌಕರ್ಯವಿದೆ.' ಹೊಳೆ ನೀರು ಬರುವ ಮನೆ ಸಿಕ್ಕಿತಲ್ಲ ಎಂದು ಮೃತ್ಯುಂಜಯ ಎದುರುಮಾತಿಲ್ಲದೆ ಒಪ್ಪಿಕೊಂಡಿದ್ದ.

ಮೊದಲ ದಿನವೇ ನನ್ನ ಮಾನ ಹೋಯಿತು. ಸಾರಿಗೆಂದು ತೊಗರಿಬೇಳೆ ಇಟ್ಟಳು ಕುಸುಮ. ಮೂರು ಸಲ ಕೂಗಿದೆ. ಮುಚ್ಚಳ ತೆಗೆದರೆ ಬೇಳೆ ಬೇಳೆಯಾಗಿಯೇ ಕೂತಿದೆ. ಮತ್ತೆ ಇಟ್ಟಳು, ಏಳು ಸಲ ಕೂಗಿ ಕೂಗಿ ನನ್ನ ಗಂಟಲು ಹರಿಯಿತು. ಸಿದ್ದಗಂಗಮ್ಮ ಒಂದು ಕಾಳು ತೆಗೆದು ಬೆರಳಲ್ಲಿ ಹಿಸುಕಿ ನೋಡಿದರು.

"ಅಡುಗೆಗೆ ಕೈಗುಣ ಬೇಕು ಕಣೆ. ನಮ್ಮೂರಲ್ಲಿ ನಾನು ಮಡಕೇಲಿ ಬೇಯಿಸಿದ್ರೂ ಬೆಣ್ಣೆಯಾಗ್ತಿತ್ತು," ಎಂದರು. ಆಮೇಲೆ ನನ್ನ ಹೊಟ್ಟೆಯ ಮೇಲಿನ ಹೆಸರನ್ನು ರಾಗವಾಗಿ ಓದಿ, "ನಿಮ್ಮಪ್ಪ ಕೊಟ್ಟಿರೋದೂ ಲೋಕಲ್ ಮಾಲೇ" ಎಂದು ಸೇರಿಸಿದರು.

ನನ್ನ ಮೈಯೆಲ್ಲ ಉರಿಯಿತು. ಕುಸುಮ ತಲೆ ತಗ್ಗಿಸಿ ಬೇಳೆ ಕಡೆಯುತ್ತ ನಿಂತಳು.

ಅಲ್ಲಿಂದ ಶುರುವಾಯಿತು ಆ ಕೈಗುಣದ ಪುರಾಣ. ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟಿದರೆ ಅವಳಿಗೆ ತೊಳೆಯಲು ಬರುವುದಿಲ್ಲ. ಸೋಪು ನೊರೆ ಬಾರದೆ ಮೃತ್ಯುಂಜಯನ ಬಿಳಿ ಅಂಗಿ ಮಾಸಲಾದರೆ ಅವಳಿಗೆ ಒಗೆಯಲು ಬರುವುದಿಲ್ಲ. ಬಾಚಣಿಗೆಯ ತುಂಬ ಅವಳದೇ ಕೂದಲು ಉದುರಿ ಬಂದರೂ ತಪ್ಪು ಅವಳದೇ. ನನ್ನೊಳಗೆ ದಿನಕ್ಕಿಷ್ಟು ಸುಣ್ಣ ಕಟ್ಟಿಕೊಳ್ಳುತ್ತಿತ್ತು. ಅವಳು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು, ಸಂಜೆಗೆ ಮತ್ತೆ ಕಟ್ಟುತ್ತಿತ್ತು. ಬೇಳೆಯನ್ನು ನೆನೆಹಾಕಿ ನೋಡಿದಳು. ಕದ್ದು ಚಿಟಿಕೆ ಸೋಡ ಹಾಕಿದಳು. ಅತ್ತೆಯ ಮೂಗು ಸಾಮಾನ್ಯದ್ದಲ್ಲ, ತುತ್ತು ಬಾಯಿಗಿಡುವ ಮೊದಲೇ ಸಿಕ್ಕಿಬಿದ್ದಳು. ನೀರಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬೋರ್ಡಿನಲ್ಲಿ ಹೇಮಾವತಿ ಎಂದು ಬರೆದಿತ್ತಲ್ಲ, ಹೊಳೆ ನೀರನ್ನು ಯಾರು ಬೈಯುತ್ತಾರೆ?

ಹೀಗೇ ಎರಡನೆಯ ಯುಗಾದಿ ಹತ್ತಿರ ಬಂತು. ಹಬ್ಬಕ್ಕೆ ಈಶ್ವರಯ್ಯನವರನ್ನು ಕರೆದಿದ್ದರು. "ಈ ಸಲವೂ ಹೂರಣ ತರಿತರಿ ಆದ್ರೆ ನಿಮ್ಮಪ್ಪನ ಮುಂದೇನೇ ಹೇಳ್ತೀನಿ. ಕರಕೊಂಡೋಗಿ ಕಲಿಸಿ ಕಳಿಸ್ಲಿ" ಎಂದರು ಸಿದ್ದಗಂಗಮ್ಮ. ಎರಡು ವರ್ಷದಿಂದ ಕುಸುಮ ಫೋನಿನಲ್ಲಿ ಅಪ್ಪನಿಗೆ ಹೇಳಿದ್ದು ಒಂದೇ ಮಾತು, ಚೆನ್ನಾಗಿದ್ದೀನಪ್ಪ. ಎಲೆಯ ಮುಂದೆ ಕೂತ ಅಪ್ಪ ಅತ್ತೆಯ ಬೈಗುಳ ಕೇಳಬೇಕಾಗುತ್ತದಲ್ಲ ಎಂದು ಅವಳು ಊಟ ಬಿಟ್ಟಳು. ಅವಳ ಸಂಕಟ ನೋಡಲಾಗದೆ ನಾನೇ ಸಿಡಿದುಹೋಗಲೇ ಎನ್ನಿಸಿತ್ತು.

ಹಬ್ಬಕ್ಕೆ ಮುಂಚಿನ ವಾರ ಮೇಲಿನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಪಾತ್ರೆ ಸಾಲದೆಂದು ರುದ್ರಯ್ಯನ ಹೆಂಡತಿ ನನ್ನನ್ನು ಎರವಲು ಕೇಳಿದರು. ಕೈಜೋಡಿಸಲು ಹೊರಟ ಸಿದ್ದಗಂಗಮ್ಮನೇ ನನ್ನನ್ನು ಹೊತ್ತು ಮೆಟ್ಟಿಲು ಹತ್ತಿದರು. "ಇದು ಬರೀ ಕೂಗೋದು, ಬೇಯ್ಸೋದಿಲ್ಲ" ಎಂದು ನನ್ನನ್ನು ಪರಿಚಯಿಸಿ, ತಾವೇ ಬೇಳೆ ತೊಳೆದು, ಅಲ್ಲಿನ ನಲ್ಲಿಯಿಂದ ನೀರು ಹಿಡಿದು ಇಟ್ಟರು.

ಮೂರು ಸಲ ಕೂಗಿದೆ. ಮುಚ್ಚಳ ತೆಗೆದರೆ ಬೇಳೆ ಬೆಣ್ಣೆಯಾಗಿತ್ತು.

ಸಿದ್ದಗಂಗಮ್ಮ ಸೌಟು ಆಡಿಸಿ ನೋಡಿದರು, ಮತ್ತೆ ಆಡಿಸಿದರು. ನಲ್ಲಿಯಿಂದ ಬೊಗಸೆ ನೀರು ಹಿಡಿದು ಕುಡಿದರು. "ಈ ನೀರು ಎಲ್ಲೀದು?"

"ಹೇಮಾವತಿದು. ಕೆಳಗಡೆಗೆ ಬೋರಿಂದು," ಎಂದರು ರುದ್ರಯ್ಯನ ಹೆಂಡತಿ, ತೆಂಗಿನಕಾಯಿ ತುರಿಯುತ್ತ. "ಬಾಡಿಗೆಯೋರಿಗೆ ಮುಂಚಿಂದ್ಲೂ ಬೋರೇ ಅಲ್ವಾ?"

ಸಿದ್ದಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಹಾಲಿಗೆ ನಡೆದರು. "ರುದ್ರಯ್ಯನೋರೆ, ಬೋರ್ಡಲ್ಲಿ ಏನಂತ ಬರೆಸಿದ್ದೀರಿ?"

ಆ ಮನುಷ್ಯ ಕೂತಲ್ಲಿಂದ ಏಳಲೂ ಇಲ್ಲ. "ಹೇಮಾವತಿ ಸೌಕರ್ಯ ಐತೆ ಅಂತ. ಐತಲ್ಲಮ್ಮ, ಈ ಬಿಲ್ಡಿಂಗಿಗೆ ಐತೆ. ಕೆಳಗಿನ ನಲ್ಲಿಗೂ ಐತೆ ಅಂತ ಬರ್ಸಿದ್ದೀನಾ?"

ಎಂಥ ಮಾತು ನೋಡಿ. ಒಂದೇ ಸೂರಿನ ಮೇಲೆ ಎರಡು ಟ್ಯಾಂಕು. ಹೊಳೆ ನೀರು ಅವನ ಸಾರಿಗೆ, ಸುಣ್ಣದ ನೀರು ನಮ್ಮ ಹೊಟ್ಟೆಗೆ. ಅವನ ಒಂದು ಸಾಲಿನ ಸುಳ್ಳಿಗೆ ಒಬ್ಬ ಹೆಣ್ಣುಮಗಳು ಎರಡು ವರ್ಷ ಬೈಸಿಕೊಂಡಳು. ಆ ಗಳಿಗೆಯಲ್ಲಿ ಮುಚ್ಚಳ ಬಿಗಿದು ಉರಿಯ ಮೇಲಿಟ್ಟಿದ್ದರೆ ನನ್ನ ವಿಷಲ್ ಹಾರಿ ಅವನ ಹಣೆಗೇ ಬಡಿಯುತ್ತಿತ್ತು.

ಯುಗಾದಿಗೆ ಸಿದ್ದಗಂಗಮ್ಮ ಪಕ್ಕದ ಬೀದಿಯ ಹೇಮಾವತಿ ನಲ್ಲಿಯಿಂದ ತಾವೇ ಕೊಡ ಹೊತ್ತು ತಂದರು. ಹೂರಣ ನುಣ್ಣಗೆ ಬಂತು. ಎಲೆಯ ಮುಂದೆ ಕೂತ ಈಶ್ವರಯ್ಯನವರಿಗೆ ಒಬ್ಬಟ್ಟು ಬಡಿಸುತ್ತ, "ನೀವು ಕೊಟ್ಟ ಕುಕ್ಕರ್ ಭಾಳ ಚೆನ್ನಾಗೈತೆ ಬೀಗರೆ" ಎಂದರು. ಪಾಪ, ಆ ಮನುಷ್ಯ ಹಿಗ್ಗಿಹೋದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕುಸುಮ ತುಪ್ಪದ ಮಿಳ್ಳೆ ಹಿಡಿದು ಬಂದು ಅಪ್ಪನ ಒಬ್ಬಟ್ಟಿಗೆ ತುಪ್ಪ ಬಡಿಸಿದಳು. ನನಗೆ ಅವತ್ತಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಬೈಸಿಕೊಂಡವಳು ಅವಳು, ಹೊಗಳಿಕೆ ನನಗೆ. ಯಾರಿಗೆ ಬೇಕಿತ್ತು ಆ ಹೊಗಳಿಕೆ?

ಬೇರೆ ಮನೆ ಸಿಕ್ಕಿತು. ಸಾಮಾನೆಲ್ಲ ಗಾಡಿಗೆ ಹಾಕುವ ಹೊತ್ತಿಗೆ ಗೇಟಿನಲ್ಲಿ ಹೊಸದಾಗಿ ಮದುವೆಯಾದ ಗಂಡಹೆಂಡತಿ ಮನೆ ನೋಡಲು ನಿಂತಿದ್ದರು. "ನೀರಿನ ಯೋಚನೇನೇ ಬೇಡ, ಹೇಮಾವತಿ" ಎನ್ನುತ್ತಿದ್ದ ರುದ್ರಯ್ಯ. ಎಂದೂ ದನಿ ಎತ್ತದ ಕುಸುಮ ಗಾಡಿಯಿಂದ ನನ್ನನ್ನು ಎತ್ತಿಕೊಂಡು ಸೀದಾ ಆ ಹುಡುಗಿಯ ಮುಂದೆ ಹಿಡಿದಳು.

"ರೂಮು ಆಮೇಲೆ ನೋಡಮ್ಮ. ಮೊದ್ಲು ಇದರ ಹೊಟ್ಟೆ ನೋಡು."

ಹುಡುಗಿ ಬಗ್ಗಿ ನೋಡಿದಳು. ನನ್ನೊಳಗೆ ಬೆರಳಿಟ್ಟಳು, ಬಿಳಿ ಪುಡಿ ಉದುರಿತು. "ಮನೆ ಬಿಡೋವಾಗ ಇದೇನಮ್ಮ ನಿಮ್ಮ ಗಲಾಟೆ," ಎಂದು ರುದ್ರಯ್ಯ ಗೊಣಗಿದ.

ಆಗ ಗಾಡಿಯಲ್ಲಿ ಕೂತಿದ್ದ ಸಿದ್ದಗಂಗಮ್ಮ ಮಾತಾಡಿದರು. "ಅವಳು ಹೇಳೋದು ಕೇಳಮ್ಮ. ನನ್ನ ಸೊಸೆ ಕೈಗುಣ ಚೆನ್ನಾಗೈತೆ. ಈ ಮನೆ ನೀರಿಗೇ ಗುಣ ಇಲ್ಲ."

ಕುಸುಮ ಅತ್ತೆಯ ಕಡೆ ತಿರುಗಲಿಲ್ಲ. ನನ್ನನ್ನು ಮಾತ್ರ ಎದೆಗವಚಿ ಹಿಡಿದುಕೊಂಡಳು.

ಈಗ ನಾನು ಹೊಸ ಮನೆಯ ಬಾಲ್ಕನಿಯ ಮೂಲೆಯಲ್ಲಿದ್ದೇನೆ. ಸುಣ್ಣ ಕಟ್ಟಿ ಕಟ್ಟಿ ಅಡುಗೆಗೆ ಬಾರದವನಾದೆನೆಂದು ಒಲೆಯಿಂದ ಇಳಿಸಿದರು. ನನ್ನ ತುಂಬ ಮಣ್ಣು, ಅದರಲ್ಲಿ ದೊಡ್ಡಪತ್ರೆ. ದಿನಾ ನೀರು ಹಾಕುವವರು ಸಿದ್ದಗಂಗಮ್ಮ. ಹಾಕುವಾಗ ಹೊಟ್ಟೆಯ ಮೇಲಿನ ಹೆಸರನ್ನು ಸೆರಗಿನಿಂದ ಒರೆಸುತ್ತಾರೆ, ಈಗ ರಾಗವಾಗಿ ಓದುವುದಿಲ್ಲ. ಆ ಹುಡುಗಿ ರುದ್ರಯ್ಯನ ಮನೆ ಹಿಡಿಯಲಿಲ್ಲವಂತೆ. ಇನ್ಯಾರೋ ಹಿಡಿದರಂತೆ. ಬೋರ್ಡು ಹಾಗೇ ಇದೆಯಂತೆ.

ಬೆಳಿಗ್ಗೆ ಊರಿನ ಕುಕ್ಕರುಗಳೆಲ್ಲ ಕೂಗಲು ಶುರುಮಾಡುತ್ತವೆ. ಮೂರು ಸಲ ಕೂಗಿ ನಿಂತರೆ ನನಗೆ ಸಮಾಧಾನ. ಯಾವುದೋ ಒಂದು ನಿಲ್ಲದೆ ನಾಲ್ಕು, ಐದು, ಆರು ಎಂದು ಕೂಗುತ್ತಲೇ ಹೋದರೆ, ಆ ಮನೆಯಲ್ಲಿ ಒಬ್ಬಳು ತಲೆ ತಗ್ಗಿಸಿ ನಿಂತಿದ್ದಾಳೆ ಎಂದು ನನಗೆ ಗೊತ್ತಾಗುತ್ತದೆ.