ಅಪ್ಪನ ಹೆಸರಿಗೆ ಬರಬೇಕಿದ್ದ ಕಪ್ಪೆ

ಬಸ್ ಡ್ರೈವರ್ ಕೆಲಸದಿಂದ ನಿವೃತ್ತನಾದ ಅಪ್ಪ, ಒಂದು ಕಪ್ಪೆಗೆ ತನ್ನ ಹೆಸರು ಬರಲಿದೆ ಎಂದು ಬೀದಿಗೆಲ್ಲ ಡಂಗುರ ಸಾರಿದ್ದ. ಪ್ರಾಣಿ ಸಂಗ್ರಹಾಲಯದಲ್ಲಿ ಕಪ್ಪೆಗಳ ಅಧ್ಯಯನ ಮಾಡುವ ಮಗಳು ಬೆಟ್ಟದ ತೊರೆಯಲ್ಲಿ ಯಾವ ಪಟ್ಟಿಗೂ ಸೇರದ ಪುಟ್ಟ ಕಪ್ಪೆಯೊಂದನ್ನು ಕಂಡಿದ್ದಳು. ಅದಕ್ಕೆ ಅಪ್ಪನ ಹೆಸರನ್ನೇ ಇಡುತ್ತೇನೆಂದಿದ್ದಳು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ಬೇಡಿ," ಎಂದು ಅಮ್ಮ ಗೊಣಗಿದರೂ ಅವನು ಕೇಳಲಿಲ್ಲ. ಕ್ಷೌರದಂಗಡಿಯಲ್ಲಿ ಆಗಲೇ 'ಕಪ್ಪೆರಾಯ' ಎಂಬ ಬಿರುದು ಸಿಕ್ಕಿತ್ತು. ಅದಕ್ಕೂ ಮೀಸೆ ತಿರುವಿದ್ದ.

ಪ್ರಬಂಧ ಕಳಿಸುವ ಮುನ್ನ ಮಗಳು ಗ್ರಂಥಾಲಯದಲ್ಲಿ ಪ್ರಾಣಿಶಾಸ್ತ್ರ ಪತ್ರಿಕೆಯ ಹಳೆಯ ಸಂಪುಟಗಳನ್ನು ತಿರುವಿದಳು. ಮುಟ್ಟಿದರೆ ರಟ್ಟಿನ ಚರ್ಮ ಪುಡಿಯಾಗಿ ಬೆರಳಿಗೆ ಅಂಟುತ್ತಿತ್ತು. ನೂರು ವರ್ಷದ ಹಿಂದೆ ರೈಲ್ವೆ ವೈದ್ಯನೊಬ್ಬ ಬಿಡುವಿನಲ್ಲಿ ಬರೆದ ಪುಟ್ಟ ಲೇಖನ ಅಲ್ಲಿತ್ತು. ಅದೇ ಬೆಟ್ಟ, ಅದೇ ತೊರೆ; ಅಲ್ಲಿ ಕಂಡ ಕಪ್ಪೆ ಹೊಸ ಜಾತಿಯೆಂದು ಆತ ಹೆಸರಿಟ್ಟಿದ್ದ. ಆದರೆ ಆತ ಗುರುತಿಸಿದ್ದು ಬೇರೆ ಜಾತಿಯಲ್ಲ, ಸಾಮಾನ್ಯ ಕಪ್ಪೆಯ ಮರಿ ಎಂದು ಮುಂದೆ ದೊಡ್ಡ ವಿದ್ವಾಂಸರೊಬ್ಬರು ಆ ಹೆಸರನ್ನೇ ತಳ್ಳಿಹಾಕಿದ್ದರು.

ವೈದ್ಯ ಬರೆದಿದ್ದ: 'ನಾಲಿಗೆಯ ನಡುವೆ ಸಾಸಿವೆ ಗಾತ್ರದ ಗಂಟು, ಹೊಟ್ಟೆಯಲ್ಲಿ ಬಲಿತ ಮೊಟ್ಟೆಗಳು.'

ಅವಳು ಸಂಗ್ರಹಾಲಯಕ್ಕೆ ಮರಳಿ, ಜಾಡಿಯಲ್ಲಿಟ್ಟಿದ್ದ ತನ್ನ ಕಪ್ಪೆಯನ್ನು ತೆಗೆದು, ಬಾಯಿ ಬಿಡಿಸಿ, ಮಸೂರದಡಿ ಹಿಡಿದಳು. ಗಂಟು ಇತ್ತು. ಅಂದರೆ ಇದು ವೈದ್ಯನ ಕಪ್ಪೆಯೇ. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಶಾಸ್ತ್ರದ ನಿಯಮ.

ಮನೆಗೆ ಬಂದವಳೇ ಹೇಳಿಬಿಟ್ಟಳು. "ಅಪ್ಪಾ, ಆ ಕಪ್ಪೆಗೆ ಆಗ್ಲೇ ಹೆಸರಿದೆ. ಮುತ್ತಜ್ಜನ ಕಾಲದಲ್ಲಿ ಒಬ್ಬ ಡಾಕ್ಟ್ರು ಇಟ್ಟಿದ್ದು. ಅವರು ಹೇಳಿದ್ದು ತಪ್ಪು ಅಂತ ಎಲ್ರೂ ಅಂದ್ಕೊಂಡಿದ್ರು. ಅವರದ್ದೇ ಸರಿ."

"ನೀನು ಸುಮ್ಮನಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದಳು ಅಮ್ಮ.

"ನನಗೆ ಗೊತ್ತಲ್ಲಮ್ಮಾ."

ಅಪ್ಪ ಚಹಾದ ಲೋಟ ಕೆಳಗಿಟ್ಟ. ಮುಖ ಸಣ್ಣದಾಗಿತ್ತು. ಆಮೇಲೆ, "ಮುಂಚೆ ಬಂದು ಕೂತೋರನ್ನ ಎಬ್ಬಿಸಕ್ಕಾಗುತ್ತಾ? ಅವರ ಸೀಟು ಅವರಿಗೆ ಬಿಡು. ಆದ್ರೆ ನನಗೆ ಆ ಪುಸ್ತಕ ತೋರಿಸ್ಬೇಕು," ಎಂದ.

ಮರುದಿನ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಗ್ರಂಥಾಲಯಕ್ಕೆ ಹೋದ. ಮಗಳು ಸಾಲುಸಾಲಾಗಿ ಅರ್ಥ ಹೇಳಿದಳು.

"ಅಲ್ವೇ, ಮರಿಯಾದ್ರೆ ಮೊಟ್ಟೆ ಎಲ್ಲಿಂದ ಬಂತು?"

"ನಾನೂ ಅದನ್ನೇ ಬರೀತಿರೋದಪ್ಪಾ!" ಇಬ್ಬರೂ ನಕ್ಕದ್ದಕ್ಕೆ ಪಕ್ಕದ ಮೇಜಿನವರು ಕತ್ತೆತ್ತಿ ನೋಡಿದರು.

ಅವಳ ಪ್ರಬಂಧ ಅದೇ ಪತ್ರಿಕೆಯಲ್ಲಿ ಅಚ್ಚಾಯಿತು. ಕಪ್ಪೆಗಳ ವರ್ಗೀಕರಣದಲ್ಲಿ ವೈದ್ಯ ಇಟ್ಟ ಹೆಸರಿಗೆ ಅದರ ಜಾಗ ಮರಳಿ ಸಿಕ್ಕಿತು. ಆ ಪಂಗಡದ ಬಗ್ಗೆ ಇನ್ನು ಯಾರೇ ಬರೆದರೂ ಅವನ ಲೇಖನದಿಂದಲೇ ಶುರು ಮಾಡಬೇಕು. ಜೊತೆಗೆ ಇವಳದ್ದನ್ನೂ ಓದಬೇಕು.

ನೆಂಟರು ಬಂದಾಗ ಅಪ್ಪ ಈಗ ಎದೆಯುಬ್ಬಿಸಿ ಹೇಳುತ್ತಾನೆ: "ನೂರು ವರ್ಷದ ಹಿಂದಿನ ಮನುಷ್ಯನ ಮಾತು ಉಳಿಸಿಕೊಟ್ಟೋಳು ನನ್ನ ಮಗಳು!" ಅಷ್ಟರಲ್ಲಿ ಅಮ್ಮ ಒಳಗಿನಿಂದ ಪತ್ರಿಕೆ ತಂದು, ಸೆರಗಿನಿಂದ ಕೈ ಒರೆಸಿಕೊಂಡು, ತಾನೇ ಆ ಪುಟ ತೆರೆದು ತೋರಿಸುತ್ತಾಳೆ.