ಜರಡಿಯ ಅಂಚಿನ ಸದ್ದು

ಕೈರವಾನ್ ಪಟ್ಟಣದ ಬಣ್ಣಗಾರರ ಓಣಿಯ ಮಸೀದಿಯಲ್ಲಿ ಶೇಖ್ ತಿಜಾನಿಯವರು ಮೂವತ್ತು ವರ್ಷಗಳಿಂದ ದೈವವಾಣಿಯ ಪಠಣವನ್ನು ಕಲಿಸುತ್ತಿದ್ದರು. ಊರು ಅವರನ್ನು ಪೂರ್ಣ ವಿದ್ವಾಂಸರೆಂದೇ ಬಗೆದಿತ್ತು. ತಾವು ಅಪೂರ್ಣರೆಂಬುದನ್ನು ಅವರು ಹಿರಿಯ ಶಿಷ್ಯನೊಬ್ಬನಿಗೆ ಮಾತ್ರ ಹೇಳಿಕೊಂಡಿದ್ದರು.

ಅವರ ಗುರು ಶೇಖ್ ಲಖ್ದರರ ನಾಲಗೆಯ ಮೇಲೆ ಆ ಊರಿನದೇ ಆದ ಪ್ರಾಚೀನ ಪಠಣಕ್ರಮವೊಂದು ನೆಲೆಸಿತ್ತು. ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ತಲೆತಲಾಂತರದಿಂದ ಇಳಿದು ಬಂದದ್ದು. ಮೊದಲಿನಿಂದ ಕೊನೆಯವರೆಗೆ ಗುರುವಿನ ಎದುರು ಕುಳಿತು ಒಪ್ಪಿಸಿದವನಿಗೆ ಮಾತ್ರ ಅದನ್ನು ಕಲಿಸುವ ಅನುಮತಿ. ಒಂದು ಅಧ್ಯಾಯ ಉಳಿದರೂ ಇಲ್ಲ. ತಿಜಾನಿಯವರು ಮೂರರಲ್ಲಿ ಎರಡು ಪಾಲು ಒಪ್ಪಿಸಿದ್ದಾಗ ಗುರುಗಳು ಕಣ್ಣು ಮುಚ್ಚಿದರು. ಹಾಗಾಗಿ ಅವರು ಕಲಿಸುತ್ತಿದ್ದುದು ಎಲ್ಲೆಡೆ ಇರುವ ಸಾಮಾನ್ಯ ಕ್ರಮವನ್ನಷ್ಟೇ.

ಉಳಿದ ಪಾಲನ್ನು ಅರಸಿ ಅವರು ಟ್ಯೂನಿಸ್ಸಿಗೆ ಹೋದರು; ಕೈರೋವರೆಗೂ ಹೋದರು. ಅಲ್ಲಿನ ವೃದ್ಧ ಪಂಡಿತರೊಬ್ಬರು, "ಅದು ನಿಮ್ಮೂರಿನ ಕ್ರಮ. ಅಲ್ಲೇ ಇಲ್ಲ ಅಂದ್ರೆ ಇನ್ನೆಲ್ಲೂ ಇಲ್ಲ, ಮನೆಗೆ ಹೋಗಪ್ಪ" ಎಂದರು. ಗ್ರಂಥಗಳಲ್ಲಿ ನಿಯಮಗಳೇನೋ ಇದ್ದವು. ಆದರೆ ಸ್ವರವು ಎಲ್ಲಿ ಎಷ್ಟು ಬಾಗಬೇಕು, ಉಸಿರು ಎಲ್ಲಿ ತಡೆದು ನಿಲ್ಲಬೇಕು ಎಂಬುದನ್ನು ಕಾಗದ ಹೇಳಲಾರದು. ಪ್ರತಿದಿನ ಪಾಠ ಮುಗಿದ ಮೇಲೆ ಊಹೆಯನ್ನೇ ಊರುಗೋಲಾಗಿಸಿಕೊಂಡು ಅವರು ಆ ಕಡೆಯ ಪಾಲನ್ನು ಪಠಿಸುತ್ತಿದ್ದರು. ಇಷ್ಟು ಕಾಲ ಹರಿದು ಬಂದದ್ದು ತಮ್ಮಲ್ಲಿಯೇ ಬತ್ತಿಹೋಗುತ್ತದಲ್ಲ ಎಂಬ ಅಳಲು ಅವರನ್ನು ಒಳಗೇ ತಿನ್ನುತ್ತಿತ್ತು.

ಆ ಹೊತ್ತಿಗೆ ಮಸೀದಿಯಲ್ಲಿ ಉಳಿದಿರುತ್ತಿದ್ದವರು ಇಬ್ಬರೇ. ಒಬ್ಬ, ಔಷಧದಂಗಡಿಯ ಹಮ್ದಾ, ಶೇಖರ ಹಿರಿಯ ಶಿಷ್ಯ. ಮತ್ತೊಬ್ಬರು ಖಮೈಸ್ ಕಾಕಾ. ಕುಸ್‌ಕುಸ್‌ ಎಂಬ ಅಡುಗೆಯ ರವೆ ಸಾಣಿಸುವ ಜರಡಿಗಳನ್ನು ಹೆಣೆದು ಮಾರುವ ಬಡವರು; ಓದು ಬಾರದವರು. ಚಪ್ಪಲಿ ಬಿಡುವ ಜಾಗದ ಪಕ್ಕದ ಕಂಬಕ್ಕೆ ಒರಗಿ, ಮಡಿಲಲ್ಲೊಂದು ಜರಡಿಯಿಟ್ಟುಕೊಂಡು, ತಲೆ ತಗ್ಗಿಸಿ ಚರ್ಮದ ಎಳೆಗಳನ್ನು ಬಿಗಿಯುತ್ತಿದ್ದರು.

"ಏನ್ ಕಾಕಾ, ಗುರುಗಳ ಪಾಠಾನೂ ಜರಡಿ ಹಿಡೀತಿದ್ದೀರೇನು?" ಎಂದು ಹಮ್ದಾ ಕೆಣಕುತ್ತಿದ್ದ.

"ಹಿಡಿದೇನು ಬಂತಪ್ಪ, ನನ್ನ ಜರಡಿ ತೂತು ದೊಡ್ಡದು. ಎಲ್ಲ ಸೋರಿ ಹೋಗುತ್ತೆ" ಎಂದು ಕಾಕಾ ನಗುತ್ತಿದ್ದರು.

ಅವರದೊಂದು ಅಭ್ಯಾಸ ಮಾತ್ರ ಶೇಖರಿಗೆ ಸೇರುತ್ತಿರಲಿಲ್ಲ. ಪಠಣದ ನಡುವೆ ಬೆರಳ ಗೆಣ್ಣಿನಿಂದ ಜರಡಿಯ ಅಂಚಿಗೆ ಟಕ್ಕೆಂದು ತಟ್ಟುವುದು. ಧೂಳು ಕೊಡವುತ್ತಾರೆಂದು ಶೇಖರು ಬಹುಕಾಲ ಸಹಿಸಿಕೊಂಡರು. ಚಳಿಗಾಲದ ಒಂದು ದಿನ ಒಂದೇ ವಾಕ್ಯದಲ್ಲಿ ಮೂರು ಬಾರಿ ಸದ್ದಾಯಿತು.

"ಕಾಕಾ!" ಶೇಖರು ಗದರಿದರು. "ಇದು ಮಸೀದಿ, ನಿಮ್ಮ ಅಂಗಡಿ ಅಲ್ಲ. ತಟ್ಟೋದಿದ್ರೆ ಹೊರಗೆ ಕೂತು ತಟ್ಟಿ."

ಕಾಕಾ ಮೆಲ್ಲನೆ ಎದ್ದರು. "ತಪ್ಪಾಯ್ತು, ಗುರುಗಳೇ. ಕೈ ಸುಮ್ನಿರಲ್ಲ."

ಮರುದಿನದಿಂದ ಅವರು ಹೊಸ್ತಿಲಾಚೆ, ಗಾಳಿಗೆ ಮೈಯೊಡ್ಡಿ, ಬರಿಗೈಯಲ್ಲಿ ಕುಳಿತರು. ಒಂದು ದಿನವೂ ತಪ್ಪಿಸಲಿಲ್ಲ. ಬಾದಾಮಿ ಗಿಡ ಹೂ ಬಿಡುವ ಹೊತ್ತಿಗೆ ಕೆಮ್ಮಿನಲ್ಲಿ ತೀರಿಕೊಂಡರು.

ಮೂರನೆಯ ದಿನ ಶೇಖರು ಹಮ್ದಾನೊಡನೆ ಆ ಮನೆಗೆ ಹೋಗಿ, ಪಠಣ ಮಾಡಿ, ಊಟದ ಮುಂದೆ ಕುಳಿತರು. ಕಾಕಾರ ಮಗಳು ಮಬ್ರೂಕಾ ತಗಡಿನ ಕೊಳವೆಯೊಂದನ್ನು ತಂದಿಟ್ಟಳು.

"ಇದನ್ನ ಓದಿ ಹೇಳಿ, ಸೀದಿ, ದೊಡ್ಡವರು ನೀವು. ಅಪ್ಪನ ಹಾಸಿಗೆ ಕೆಳಗಿತ್ತು. ಮನೆ ಪತ್ರಾನೋ ಏನೋ, ನಮಗೆ ಯಾರಿಗೂ ಓದೋಕೆ ಬರಲ್ಲ."

ಶೇಖರು ಕಾಗದ ಬಿಚ್ಚಿದರು. ಕೈಬರಹ ಕಂಡೊಡನೆ ಗುರುತು ಹತ್ತಿತು. ಅದು ಗುರು ಲಖ್ದರರದು. ಬಂದವರೆಲ್ಲ ಕಿವಿಗೊಟ್ಟಿದ್ದರು, ಓದದೆ ಗತ್ಯಂತರವಿರಲಿಲ್ಲ.

"ಜರಡಿ ಹೆಣೆಯುವ ಖಮೈಸನು ಅಕ್ಷರ ಅರಿಯದವನು. ಈತನು ನಮ್ಮ ಊರಿನ ಪಠಣಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ನನ್ನೆದುರು ಮೂರು ಬಾರಿ ಒಪ್ಪಿಸಿದನು. ಒಂದಕ್ಷರವೂ ತಪ್ಪಲಿಲ್ಲ. ಕೇಳಿಕೊಂಡು ಬಂದವರಿಗೆ ಕಲಿಸಲು ಈತನಿಗೆ ಅನುಮತಿಯುಂಟು."

ದಿನಾಂಕವು ತಿಜಾನಿಯವರ ಮೊದಲ ಪಾಠಕ್ಕಿಂತ ಹತ್ತು ವರ್ಷ ಹಿಂದಿನದು.

"ಗುರುಗಳೇ," ಹಮ್ದಾ ಕಾಗದದತ್ತ ಬಾಗಿದ, "ಇದು ಅದೇ ಅಲ್ವಾ? ನೀವು ಕೈರೋ ತನಕ ಹುಡುಕಿದ್ದು?"

ಶೇಖರು ಮಬ್ರೂಕಾಳ ಕಡೆ ತಿರುಗಿದರು. "ಮಗಳೇ, ನಿಮ್ಮಪ್ಪ ನನಗೊಂದು ಮಾತು ಯಾಕೆ ಹೇಳ್ಲಿಲ್ಲ?"

"ನಾನೂ ಕೇಳ್ದೆ, ಸೀದಿ. ಮನೇಲಿ ದಿನವಿಡೀ ಗುನುಗ್ತೀಯ, ಅಲ್ಲಿ ಮೂಗನ ಹಾಗೆ ಕೂರ್ತೀಯಲ್ಲ ಅಂತ. ‘ಬಾವಿ ಎಲ್ಲಾದ್ರೂ ಬಾಯಾರಿದವರ ಮನೆಗೆ ನಡ್ಕೊಂಡು ಹೋಗುತ್ತಾ? ಶೇಖ್ ಕೇಳ್ಲಿ, ಹೇಳ್ತೀನಿ’ ಅಂದ್ರು. ಶುಕ್ರವಾರ ಬಂದ್ರೆ ಒಳ್ಳೆ ಜುಬ್ಬಾ ಹಾಕ್ಕೊಂಡು ಹೊರಡೋರು, ಇವತ್ತು ಕೇಳಬಹುದು ಅಂತ."

"ನನಗೆ ಗೊತ್ತಾಗೋದಾದ್ರೂ ಹೇಗೆ?"

ಮಬ್ರೂಕಾ ಬೆರಗಿನಿಂದ ನೋಡಿದಳು. "ಅಪ್ಪ ತಟ್ತಿದ್ರಂತಲ್ಲ! ‘ಶಿಷ್ಯನ ಮುಂದೆ ಗುರುವನ್ನ ಬಾಯಿಬಿಟ್ಟು ತಿದ್ದಬಾರದು, ಅದಕ್ಕೆ ತಟ್ತೀನಿ. ಲಖ್ದರ್ ಗುರುಗಳೂ ಹಲಗೆ ಮೇಲೆ ಹಾಗೇ ತಟ್ತಿದ್ರು, ಅವರಿಗೆ ನೆನಪಾಗೇ ಆಗುತ್ತೆ’ ಅಂತಿದ್ರು."

ಆಗ ನೆನಪಾಯಿತು. ಮರದ ಹಲಗೆ, ಅದರ ಮೇಲೆ ಗುರುವಿನ ಬಾಗಿದ ಬೆರಳು, ತಪ್ಪಿದಲ್ಲಿ ಒಂದೇ ಒಂದು ಟಕ್. ನಲವತ್ತು ವರ್ಷದ ಹಿಂದೆ ಅದೇ ಸದ್ದಿಗೆ ತಾವು ನಿಂತು, ತಿದ್ದಿಕೊಂಡು, ಮುಂದೆ ಸಾಗುತ್ತಿದ್ದರು. ಬಡವನ ಬೆರಳಿನಲ್ಲಿ ಅದು ಧೂಳು ಕೊಡವುವ ಸದ್ದಾಗಿ ಕೇಳಿಸಿತ್ತು.

ತಟ್ಟೆಯಲ್ಲಿನ ಅನ್ನ ಹಾಗೆಯೇ ಆರಿತು. ಹೊರಡುವಾಗ ಶೇಖರು ಒಂದೇ ಒಂದನ್ನು ಬೇಡಿದರು: ಅರ್ಧ ಹೆಣೆದಿದ್ದ ಜರಡಿ. ಮಬ್ರೂಕಾ ಒರೆಸಿ ಕೊಟ್ಟಳು.

ಮರುದಿನ ಪಾಠವಾದ ಮೇಲೆ ಅವರು ತಮ್ಮ ಪೀಠದಲ್ಲಿ ಕೂರಲಿಲ್ಲ. ಚಪ್ಪಲಿಗಳ ಪಕ್ಕದ ಕಂಬಕ್ಕೆ ಒರಗಿ, ಜರಡಿಯನ್ನು ಮಡಿಲಲ್ಲಿರಿಸಿಕೊಂಡು ಕಡೆಯ ಪಾಲನ್ನು ಆರಂಭಿಸಿದರು. ಮೂರು ಬಾರಿ ಸದ್ದಾಗಿದ್ದ ಆ ವಾಕ್ಯ ಬಂದಿತು. ಮೊದಲ ಸದ್ದಿನ ಠಾವಿನಲ್ಲಿ ಅವರ ಬೆರಳು ತಾನಾಗಿ ಅಂಚಿಗೆ ತಗಲಿತು. ತಪ್ಪು ಎಲ್ಲಿದೆಯೆಂದು ಈಗ ತಿಳಿದಿತ್ತು. ಸರಿ ಯಾವುದೆಂದು ನುಡಿಯಬಲ್ಲ ಬಾಯಿ ಮಣ್ಣು ಸೇರಿತ್ತು. ಸ್ವರವನ್ನು ಎತ್ತಿ ನೋಡಿದರು, ಇಳಿಸಿ ನೋಡಿದರು, ಹೊಸ್ತಿಲ ಕಡೆಗೆ ಕಿವಿಯಿಟ್ಟು ಕಾದರು.

ಹಮ್ದಾ ಕೇಳಿದ, "ಮುಂದೆ, ಗುರುಗಳೇ?"

"ಮುಂದೆ ನನಗೆ ಬರಲ್ಲಪ್ಪ," ಎಂದರು ಶೇಖರು. "ಬರ್ತಿದ್ದವರನ್ನ ನಾನು ಹೊರಗೆ ಕೂರಿಸಿದ್ದೆ."